ಸ್ಟುಡಿಯೋದ ಕರಿ ಕೋಟು

ಬುಧವಾರ, ಮಾರ್ಚ್ ೧೨
ಸ್ಟುಡಿಯೋದ ಹಿಂದಿನ ಕೋಣೆಯಿಂದ

ಮುಖ ನೋಡಿ ಮನುಷ್ಯರನ್ನು ಅಳೆಯುವ ಮಹಾನುಭಾವರಿಗೆ,

ನಮಸ್ಕಾರ. ‘ಪ್ರೀತಿಯ’ ಎಂದು ಶುರು ಮಾಡೋಣವೆಂದು ಕೂತೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ನೀವು ಮನೆ ಬಿಟ್ಟ ಹದಿನಾಲ್ಕು ತಿಂಗಳಲ್ಲಿ ನಿಮ್ಮಿಂದ ಬಂದ ಮೊದಲ ಲಕೋಟೆ ಇದು. ಅದರ ದಪ್ಪ ನೋಡಿ, ಮನಸ್ಸು ಕರಗಿ ನಾಲ್ಕು ಪುಟ ಕ್ಷೇಮಸಮಾಚಾರ ಬರೆದಿದ್ದೀರೇನೋ ಅಂದುಕೊಂಡೆ. ಬಿಚ್ಚಿದರೆ ನಲವತ್ತು ಪುಟವೂ ಕ್ರಿಪ್ಟೋ ಕಾಯಿನ್ನು! ಅದರ ಅಡಿಯಲ್ಲಿ ನಮ್ಮ ಫೋಟೋ ಸ್ಟುಡಿಯೋ ಮಾರಾಟದ ಕರಾರು, ನಾನು ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನ ಗುರುತು. ಇಪ್ಪತ್ತನೇ ತಾರೀಖಿನೊಳಗೆ ವಾಪಸು ಬರಬೇಕಂತೆ. ಹೆಂಡತಿ ಬದುಕಿದ್ದಾಳಾ ಎಂದು ಕೇಳಲು ನಲವತ್ತು ಪುಟದಲ್ಲಿ ಒಂದು ಸಾಲಿನ ಜಾಗ ಸಿಗಲಿಲ್ಲ. ಬದುಕಿದ್ದೇನೆ. ಮಂಡಿನೋವು ಹಾಗೇ ಇದೆ.

ನನಗೆ ಅರ್ಥವಾದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಪಕ್ಕದ ಮೊಬೈಲ್ ಅಂಗಡಿಯವನಿಗೆ ಸ್ಟುಡಿಯೋ ಮಾರುವುದು. ಬಂದ ಹಣವನ್ನೆಲ್ಲ ಯಾರೂ ಹೆಸರು ಕೇಳದ ಒಂದು ಸಣ್ಣ ಕಾಯಿನ್‌ಗೆ ಹಾಕುವುದು. ಹತ್ತು ವರ್ಷ ಅದನ್ನು ಮುಟ್ಟದೆ ಕೂರುವುದು. ಹತ್ತು ವರ್ಷದ ಮೇಲೆ ಮಗಳಿಗೆ ಮನೆ, ನಿಮಗೆ ಕಾರು, ನನಗೂ ‘ಒಂದು ಪಾಲು’. ಈ ನಡುವಿನ ಹತ್ತು ವರ್ಷ ನಾನು ಎಲ್ಲಿ ಮಲಗಬೇಕು ಎಂದು ಮಾತ್ರ ಬರೆದಿಲ್ಲ. ಮುಂದಿನ ಕೋಣೆ ಸ್ಟುಡಿಯೋ, ಹಿಂದಿನ ಕೋಣೆ ನನ್ನ ಮನೆ, ನನ್ನ ಕೆಲಸದ ಮೇಜು, ನನ್ನ ಒಲೆ. ಮುಂದಿನದನ್ನು ಮಾರಿದರೆ ಹಿಂದಿನದು ಗಾಳಿಯಲ್ಲಿ ನಿಲ್ಲುವುದಿಲ್ಲ. ಇಷ್ಟು ಲೆಕ್ಕ ನಿಮಗೆ ಹೊಳೆಯಲಿಲ್ಲವೆಂದರೆ ಕಾಯಿನ್‌ನ ಲೆಕ್ಕ ಹೇಗೆ ಹೊಳೆಯಿತೋ ನನಗೆ ಗೊತ್ತಾಗುತ್ತಿಲ್ಲ.

ಈ ಉಪದೇಶ ಎಲ್ಲಿಂದ ಬಂತೆಂದು ಊಹಿಸಲು ಶಾಸ್ತ್ರ ಕೇಳಬೇಕಾಗಿಲ್ಲ. ನೀವು ಬಾಡಿಗೆಗಿರುವ ಮಹಡಿಯ ಕೆಳಗಿನ ಕನ್ನಡಕದಂಗಡಿಯವರು. ಊರಿಗೆಲ್ಲ ಕಣ್ಣು ಕಾಣಿಸುವ ಮನುಷ್ಯ ತಾನು ಮಾತ್ರ ಕಣ್ಣು ಮುಚ್ಚಿಕೊಂಡು ದುಡ್ಡು ಹಾಕುತ್ತಾರೆ, ಅದು ಹೋದ ಮೇಲೆ ಜೊತೆಗೆ ಇನ್ನೊಬ್ಬರು ಬೇಕೆನ್ನಿಸಿ ನಿಮ್ಮನ್ನು ಕರೆಯುತ್ತಾರೆ. ತಾನು ಬಿದ್ದ ಹಳ್ಳಕ್ಕೆ ನೆಂಟರನ್ನು ಊಟಕ್ಕೆ ಕರೆದ ಹಾಗೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಕೋಪ ಬಂತು, ಎರಡನೇ ಸಲ ನಗು ಬಂತು, ಮೂರನೇ ಸಲಕ್ಕೆ ಮಗಳನ್ನು ಕರೆಸಿದೆ. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನವಿಡೀ ಬಾಯಿ ತೆರೆಸಿ ತೆರೆಸಿ ಸುಸ್ತಾಗಿ ಬಂದಿದ್ದಳು, ಇದನ್ನು ಓದಿ ತಾನೇ ಬಾಯಿ ತೆರೆದು ಕೂತಳು. “ಅಪ್ಪ ಇದನ್ನ ಸೀರಿಯಸ್ಸಾಗಿ ಬರ್ದಿದಾರಾ?” ಎಂದು ಕೇಳಿದಳು. ನಿಮ್ಮಪ್ಪ ತಮಾಷೆ ಮಾಡೋ ಜಾಯಮಾನದವರಲ್ಲಮ್ಮ ಎಂದೆ.

ನೀವು ಐದು ಕಾಯಿನ್‌ಗಳನ್ನು ತೂಗಿ ನೋಡಿ ಒಂದನ್ನು ಆರಿಸಿದ್ದೀರಿ. ಆರಿಸಿದ ಕ್ರಮವನ್ನು ಹೆಮ್ಮೆಯಿಂದ ವಿವರಿಸಿಯೂ ಇದ್ದೀರಿ. ಮೊದಲನೆಯದರ ಮುಖ್ಯಸ್ಥ ಹಲ್ಲು ತೋರಿಸಿ ನಗುತ್ತಾನೆ, ಅಂಥವನು ಗಂಭೀರನಲ್ಲ, ಆದ್ದರಿಂದ ತಳ್ಳಿಹಾಕಿದಿರಿ. ಎರಡನೆಯದರವನ ಕಣ್ಣು ಕಿರಿದು. ಮೂರನೆಯದರಲ್ಲಿ ಮನುಷ್ಯರ ಮುಖವೇ ಇಲ್ಲ, ಬರೀ ಕಪ್ಪೆಯ ಚಿತ್ರ. ನಾಲ್ಕನೆಯದರ ಫೋಟೋಗಳಿಗೆ ಬೆಳಕು ಸರಿಯಿಲ್ಲ, ‘ಫೋಟೋಕ್ಕೇ ಕಾಸು ಬಿಚ್ಚದವರು ಯೋಜನೆಗೆ ಏನು ಬಿಚ್ಚಿಯಾರು’ ಎಂದು ಷರಾ ಬರೆದಿದ್ದೀರಿ. ಆಹಾ! ಹೆಣ್ಣು ನೋಡಲು ಹೋದವರು ಕೂಡ ಇಷ್ಟು ಅಗ್ಗದ ಕಾರಣಗಳನ್ನು ಹೇಳಿ ಎದ್ದು ಬರುವುದಿಲ್ಲ. ಆ ನಾಲ್ಕನೆಯದು ಆರು ವರ್ಷದಿಂದ ನಡೆಯುತ್ತಿದೆಯಂತೆ, ಅದನ್ನು ನಿಜವಾಗಿ ಬಳಸುವ ಜನವೂ ಒಂದಿಷ್ಟು ಇದ್ದಾರಂತೆ, ಮಗಳು ಹುಡುಕಿ ಹೇಳಿದಳು. ಅದಕ್ಕಾದರೂ ಹಾಕಿ ಎಂದು ನಾನು ಹೇಳುತ್ತಿಲ್ಲ. ಅದೂ ನಾಳೆ ಮುಳುಗಬಹುದು. ಕನಿಷ್ಠ ಮುಳುಗಲು ಅಲ್ಲೊಂದು ದೋಣಿಯಾದರೂ ಇದೆ.

ಇನ್ನು ಐದನೆಯದು, ನಿಮ್ಮ ಮನ ಗೆದ್ದದ್ದು. ಜಗತ್ತಿನ ಜನರ ಫೋಟೋಗಳನ್ನೆಲ್ಲ ಎಂದೆಂದಿಗೂ ಅಳಿಯದಂತೆ ಕಾಪಾಡುವ ಕಾಯಿನ್ನು! ಫೋಟೋ ಎಂದ ಕೂಡಲೇ ನಿಮ್ಮ ಕರುಳು ಚುರುಕ್ ಎಂದಿರಬೇಕು. ‘ತಂತ್ರಜ್ಞಾನ ನನಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮೂವತ್ತೈದು ವರ್ಷ ಮುಖಗಳನ್ನು ನೋಡಿದ್ದೇನೆ. ಮುಖ ಸುಳ್ಳು ಹೇಳುವುದಿಲ್ಲ’ ಎಂದು ಬರೆದಿದ್ದೀರಿ. ಅಡಿಗೆರೆ ಬೇರೆ ಎಳೆದಿದ್ದೀರಿ.

ಸ್ವಾಮೀ, ಮುಖ ಸುಳ್ಳು ಹೇಳದಿದ್ದರೆ ಇಪ್ಪತ್ತೊಂಬತ್ತು ವರ್ಷ ಈ ಹಿಂದಿನ ಕೋಣೆಯಲ್ಲಿ ಕೂತು ನಾನು ಮಾಡಿದ್ದೇನು? ಮೊಡವೆ ಅಳಿಸಿದ್ದು ಯಾರು? ಮದುವೆ ಆಗದ ಗಂಡುಗಳಿಗೆ ತಲೆಗೂದಲು ತುಂಬಿದ್ದು ಯಾರು? ಮೆಳ್ಳೆಗಣ್ಣು ನೆಟ್ಟಗೆ ಮಾಡಿದ್ದು, ಜೋಲು ಕೆನ್ನೆ ಬಿಗಿ ಮಾಡಿದ್ದು, ಅತ್ತು ಬಂದವಳ ಕಣ್ಣಿನ ಕೆಂಪು ತೆಗೆದದ್ದು? ಮೊದಲು ನೆಗೆಟಿವ್ ಮೇಲೆ ಪೆನ್ಸಿಲು, ಆಮೇಲೆ ಕಂಪ್ಯೂಟರು. ನೀವು ಮುಂದಿನ ಕೋಣೆಯಲ್ಲಿ ಮುಖ ಹಿಡಿದು ಕೊಟ್ಟಿರಿ, ನಾನು ಹಿಂದಿನ ಕೋಣೆಯಲ್ಲಿ ಟಚಿಂಗ್ ಮಾಡಿ ಅದನ್ನು ಮನುಷ್ಯರು ಒಪ್ಪುವ ಹಾಗೆ ಮಾಡಿದೆ. ಹೋಗುವ ದಿನ ಬಾಗಿಲಲ್ಲಿ ನಿಂತು ಏನಂದಿರಿ, ನೆನಪಿದೆಯೇ? “ನಾನು ನಿಜ ಹಿಡೀತೀನಿ, ನೀನು ಸುಳ್ಳು ಮೆತ್ತುತ್ತೀಯ, ಅದಕ್ಕೇ ಈ ಸ್ಟುಡಿಯೋ ಉದ್ಧಾರ ಆಗ್ಲಿಲ್ಲ” ಅಂದಿರಿ. ಎಲ್ಲರ ಕೈಗೂ ಫೋನು ಬಂದು ಗಿರಾಕಿ ಕಮ್ಮಿಯಾದದ್ದಕ್ಕೆ ನನ್ನ ಪೆನ್ಸಿಲು ಕಾರಣವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ, ಮುಚ್ಚಿಡುವುದೇಕೆ.

ಇರಲಿ. ನಾನೂ ತಂತ್ರಜ್ಞಾನ ಓದಿದವಳಲ್ಲ. ಆದರೂ ಸಹಿ ಕೇಳಿದ್ದೀರಲ್ಲ, ಸಹಿ ಹಾಕುವ ಮೊದಲು ತರಕಾರಿಯವನ ಹತ್ತಿರ ಕೇಳುವಷ್ಟಾದರೂ ಕೇಳೋಣವೆಂದು ಒಂದು ವಾರ ಅದರ ಹಿಂದೆ ಬಿದ್ದೆ.

ಮೊದಲು ಅವರ ಆಪ್‌ಗೆ ಒಂದು ಫೋಟೋ ಹಾಕಿ ನೋಡಿದೆ. ನಮ್ಮ ನೀರಿನ ನಲ್ಲಿಯ ಫೋಟೋ. ಎಂದೆಂದಿಗೂ ಕಾಪಾಡುವವರಲ್ಲವೇ, ಮಾರನೆಯ ದಿನ ವಾಪಸು ಕೇಳಿದೆ. ‘ಈ ಸೌಲಭ್ಯ ಶೀಘ್ರದಲ್ಲೇ ಬರಲಿದೆ’ ಎಂದಿತು. ಎಂಟು ತಿಂಗಳಿಂದ ಶೀಘ್ರದಲ್ಲೇ ಬರುತ್ತಿದೆಯಂತೆ, ಯಾಕೆಂದರೆ ಆ ಯೋಜನೆಗೆ ಆಗಿರುವ ವಯಸ್ಸೇ ಎಂಟು ತಿಂಗಳು. ಹತ್ತು ವರ್ಷದ ಭಾರ ಹೊರಿಸಲು ಇನ್ನೂ ಅಂಬೆಗಾಲಿಡದ ಕೂಸನ್ನು ಹುಡುಕಿದ್ದೀರಿ.

ಆಮೇಲೆ ಅವರ ಗುಂಪಿಗೆ ಸೇರಿಕೊಂಡೆ. ಸಾವಿರಾರು ಜನ, ಬೆಳಗಾದರೆ ರಾಕೆಟ್ಟಿನ ಚಿತ್ರ, ಸಂಜೆಯಾದರೆ ಬೆಂಕಿಯ ಚಿತ್ರ. ಯಾರೊಬ್ಬರೂ ತಮ್ಮ ಒಂದು ಫೋಟೋ ಅಲ್ಲಿಟ್ಟೆವು ಎಂದು ಹೇಳಿದ್ದನ್ನು ನೋಡಲಿಲ್ಲ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಒಂದು ಪ್ರಶ್ನೆ ಹಾಕಿದೆ. ಮುಂದೆ ಜಾಸ್ತಿ ಬೆಲೆಗೆ ಮಾರಬೇಕು ಅನ್ನುವವರನ್ನು ಬಿಟ್ಟು ಈ ಕಾಯಿನ್ ಬೇರೆ ಯಾರಿಗೆ ಬೇಕು, ಯಾವ ಕೆಲಸಕ್ಕೆ ಬೇಕು ಎಂದು ಕೇಳಿದೆ ಅಷ್ಟೇ. ಒಬ್ಬ “ಬ್ರದರ್, ಭಯ ಹುಟ್ಟಿಸ್ಬೇಡಿ” ಅಂದ. ಇನ್ನೊಬ್ಬ ನಿಮ್ಮಂಥವರು ಬಡವರಾಗಿಯೇ ಸಾಯ್ತೀರಿ ಎಂದು ಹರಸಿದ. ಟೀ ಕುದಿಯುವಷ್ಟರಲ್ಲಿ ನನ್ನನ್ನು ಗುಂಪಿನಿಂದ ಆಚೆ ಹಾಕಿದ್ದರು. ಪ್ರಶ್ನೆ ಕೇಳಿದರೆ ಕತ್ತು ಹಿಡಿದು ದಬ್ಬುವ ಅಂಗಡಿಯಲ್ಲಿ ನೀವು ಒಂದು ಕರವಸ್ತ್ರವನ್ನೂ ಕೊಂಡವರಲ್ಲ. ಬಾಳೆಹಣ್ಣಿನ ಚಿಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡುವ ಜಾತಿ ನೀವು. ಸ್ಟುಡಿಯೋ ಮಾರುವಾಗ ಆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು?

ಮಗಳು ಇನ್ನೊಂದು ತೋರಿಸಿದಳು. ಯಾವ ಕಾಯಿನ್ ಯಾರ ಯಾರ ಚೀಲದಲ್ಲಿ ಎಷ್ಟಿದೆ ಎಂಬುದು ಎಲ್ಲರಿಗೂ ಕಾಣುವ ಹಾಗೇ ಇರುತ್ತದಂತೆ. ಹೆಸರು ಕಾಣುವುದಿಲ್ಲ, ಚೀಲ ಕಾಣುತ್ತದೆ. ಅದನ್ನು ಓದಲು ತಂತ್ರಜ್ಞಾನ ಬೇಡ, ನೂರರವರೆಗೆ ಎಣಿಕೆ ಬಂದರೆ ಸಾಕು. ನಿಮ್ಮ ಕಾಯಿನ್‌ನ ನೂರರಲ್ಲಿ ಎಂಬತ್ತಾರು ಪಾಲು ನಾಲ್ಕೇ ಚೀಲದಲ್ಲಿದೆ. ಉಳಿದ ಹದಿನಾಲ್ಕನ್ನು ಹಂಚಿಕೊಂಡು ಆ ಸಾವಿರಾರು ಜನ ರಾಕೆಟ್ಟು ಹಾರಿಸುತ್ತಿದ್ದಾರೆ. ಆ ನಾಲ್ವರು ಒಂದು ದಿನ ಚೀಲ ಬಿಚ್ಚಿ ಮಾರಿ ಎದ್ದು ಹೋದರೆ ಕೇಳುವವರಿಲ್ಲ, ಅವರ ಕೈಕಟ್ಟುವ ಯಾವ ಕರಾರೂ ಆ ನಲವತ್ತು ಪುಟದಲ್ಲಿ ಇಲ್ಲ. ಹುಡುಕಿದೆ. ನೀವೂ ಮಾರಬೇಕೆಂದು ಹೊರಟಿರಿ ಅನ್ನಿ, ಇಡೀ ದಿನದಲ್ಲಿ ಆ ಕಾಯಿನ್ ಕೊಳ್ಳುವವರೆಲ್ಲ ಸೇರಿ ತರುವ ದುಡ್ಡು ನಮ್ಮ ಸ್ಟುಡಿಯೋದ ಬಾಗಿಲಿಗೂ ಸಾಲದು. ಕಾಗದದ ಮೇಲೆ ಶ್ರೀಮಂತರಾಗಿ ಕೂತಿರಬಹುದು, ಒಂದು ಸೇರು ಅಕ್ಕಿ ತರಬೇಕೆಂದರೆ ಕೊಳ್ಳುವವನನ್ನು ಟಾರ್ಚು ಹಿಡಿದು ಹುಡುಕಬೇಕು.

ಇಷ್ಟಕ್ಕೇ ಪತ್ರ ಮುಗಿಸಿ, ಸಹಿ ಹಾಕುವುದಿಲ್ಲ ಎಂದು ಬರೆದು, ಅಂಚೆಗೆ ಹಾಕುವವಳಿದ್ದೆ. ಆದರೆ ನೀವು ಆ ಯೋಜನೆಯ ನಾಲ್ವರು ಯಜಮಾನರ ಫೋಟೋ ಇರುವ ಪುಟವನ್ನು ಬಣ್ಣದಲ್ಲಿ ಮುದ್ರಿಸಿ ಕಳಿಸಿದ್ದಿರಿ. ಪಕ್ಕದಲ್ಲಿ ನಿಮ್ಮ ಕೈಬರಹ: ‘ಈ ನಾಲ್ವರನ್ನು ನೋಡಿದರೆ ಎಷ್ಟೋ ವರ್ಷದ ಪರಿಚಯ ಅನ್ನಿಸುತ್ತದೆ. ಬೆಳಕು ಎಷ್ಟು ಹದವಾಗಿದೆ ನೋಡು. ಇದನ್ನು ತೆಗೆದವನು ಕಸುಬು ಬಲ್ಲವನು. ಇಂಥ ಫೋಟೋಗ್ರಾಫರನ್ನು ಆರಿಸಿಕೊಂಡವರು ಕೆಲಸದಲ್ಲೂ ಅಚ್ಚುಕಟ್ಟಾಗಿರುತ್ತಾರೆ.’

ಹೌದೇ, ಎಂಥ ಕಸುಬುದಾರನಪ್ಪ ಎಂದು ಭೂತಗನ್ನಡಿ ತೆಗೆದುಕೊಂಡು ಕೂತೆ.

ಹಿಂದೆ ಗಾಜಿನ ಗೋಡೆಯ ಆಫೀಸು ಅಂಟಿಸಿದ್ದಾರೆ, ಒಬ್ಬೊಬ್ಬರ ತಲೆಗೂದಲಿಗೆ ಬೇರೆ ಬಣ್ಣ ಕೊಟ್ಟಿದ್ದಾರೆ, ಇಬ್ಬರಿಗೆ ಕನ್ನಡಕ ಹಾಕಿಸಿದ್ದಾರೆ. ಕೆಲಸ ಒರಟು, ಕಿವಿಯ ಹಿಂದೆ ಕತ್ತರಿಸಿದ ಗುರುತು ಕಾಣುತ್ತದೆ. ನನ್ನ ಕೈಕೆಳಗಿದ್ದಿದ್ದರೆ ಇನ್ನೊಮ್ಮೆ ಮಾಡಿಸುತ್ತಿದ್ದೆ. ಆದರೆ ನಾನು ನಿಂತದ್ದು ಕೋಟಿನ ಹತ್ತಿರ. ಮುಖ್ಯಸ್ಥನ ಕರಿ ಕೋಟಿನಲ್ಲಿ ಎರಡನೇ ಗುಂಡಿ ಮಾತ್ರ ಬೇರೆ, ಮಿಕ್ಕವಕ್ಕೆ ನಾಲ್ಕು ತೂತು, ಅದಕ್ಕೆ ಎರಡು. ಎಡಗಡೆ ಕಾಲರಿನ ತುದಿಯಲ್ಲಿ ನೀಲಿ ದಾರದ ಹೊಲಿಗೆ. ಪಕ್ಕದ ಹಣಕಾಸು ಮುಖ್ಯಸ್ಥನನ್ನು ನೋಡಿದೆ. ಅದೇ ಗುಂಡಿ, ಅದೇ ನೀಲಿ ದಾರ. ತಾಂತ್ರಿಕ ಮುಖ್ಯಸ್ಥನ ಮೈಮೇಲೂ ಅದೇ.

ಜಗತ್ತಿನ ಕೋಟಿ ಕೋಟಿ ಜನರ ಫೋಟೋ ಕಾಪಾಡಲು ಹೊರಟವರ ಹತ್ತಿರ ಇರುವುದು ಒಂದೇ ಕೋಟು. ಅದೂ ನಮ್ಮದು.

ಕಪ್ಪು ದಾರ ಮುಗಿದಿತ್ತು, ಗಿರಾಕಿ ಕಾಯುತ್ತಿದ್ದ, ನೀಲಿಯಲ್ಲೇ ಹೊಲಿದೆ. “ಫೋಟೋದಲ್ಲಿ ಯಾರಿಗೆ ಕಾಣುತ್ತೆ ಬಿಡು” ಅಂದವರು ನೀವೇ. ಆ ಕೋಟು ಈಗಲೂ ನಮ್ಮ ಮೊಳೆಗೆ ನೇತಾಡುತ್ತಿದೆ. ಅರ್ಧ ಊರು ಅದನ್ನು ಹಾಕಿಕೊಂಡು ಪಾಸ್‌ಪೋರ್ಟು ಮಾಡಿಸಿದೆ, ಸಣಕಲರಿಗೆ ಬೆನ್ನಲ್ಲಿ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ನಿಲ್ಲಿಸುತ್ತಿದ್ದವಳು ನಾನು.

ಕೋಟು ಸಿಕ್ಕ ಮೇಲೆ ಮುಖ ಸಿಗುವುದು ಕಷ್ಟವಲ್ಲ. ನಿಮ್ಮ ಮುಖ್ಯಸ್ಥ ಡ್ರೈವಿಂಗ್ ಸ್ಕೂಲಿನವನು. ಲೈಸೆನ್ಸು ಕೊಡಿಸುವವನೇ ಎರಡು ಸಲ ನಮ್ಮ ಮೆಟ್ಟಿಲಿಗೆ ಗಾಡಿ ಗುದ್ದಿದ್ದ. ‘ಅಪಾರ ಅನುಭವಿ’ ತಾಂತ್ರಿಕ ಮುಖ್ಯಸ್ಥ ನಮ್ಮ ಪ್ಲಂಬರು, ಆ ನಲ್ಲಿ ಮೂರು ಸಲ ರಿಪೇರಿಯಾಗಿ ಇನ್ನೂ ಸೋರುತ್ತಿದೆ. ಹಣಕಾಸಿನವರನ್ನು ನೋಡಿದಾಗ ಮಾತ್ರ ನನಗೆ ನಗು ಬರಲಿಲ್ಲ. ಅವರು ನಮ್ಮ ಸಂಗೀತದ ಮೇಷ್ಟ್ರು. ತೀರಿಕೊಂಡು ಆರು ವರ್ಷ. ಇದೇ ಫೋಟೋವನ್ನು ನೀವೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ, ಅವರ ಹೆಂಡತಿಯ ಕೈಗೆ ಕೊಟ್ಟು, ಕಾಸು ಬೇಡ ಎಂದು ಬಂದಿರಿ. ಆ ದಿನ ನನಗೆ ನಿಮ್ಮ ಮೇಲೆ ಬಹಳ ಪ್ರೀತಿ ಬಂದಿತ್ತು. ಸತ್ತವರ ಕೈಗೆ ಹತ್ತು ವರ್ಷದ ಹಣ ಕೊಡಲು ಹೊರಟಿದ್ದೀರಿ ಈಗ.

ಇದೇ ನೋಡಿ ನೀವು ಮುಖ ಓದುವ ರೀತಿ! ನೀವು ಯಾವತ್ತೂ ಮುಖ ನೋಡಿದವರೇ ಅಲ್ಲ. ನೀವು ನೋಡಿದ್ದು ಬೆಳಕು. ಎಡಕ್ಕೆ ದೀಪ, ಬಲಕ್ಕೆ ಬಿಳಿ ಬಟ್ಟೆ, ಗಲ್ಲ ಸ್ವಲ್ಪ ಕೆಳಗೆ. ಎದುರಿಗೆ ಕೂತದ್ದು ಪ್ಲಂಬರೋ ಪುಣ್ಯಾತ್ಮನೋ ನಿಮಗೆ ಒಂದೇ. ನಿಮ್ಮದೇ ಬೆಳಕು ನಿಮ್ಮೆದುರು ಬಂದು ನಿಂತಾಗ ಅದಕ್ಕೆ ಕೈಮುಗಿದು, ಎಷ್ಟೋ ವರ್ಷದ ಪರಿಚಯ ಎಂದಿರಿ. ಪರಿಚಯ ಇರದೆ ಏನು, ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

ಈ ಮುಖಗಳು ನಮ್ಮ ಕಂಪ್ಯೂಟರಿನಿಂದ ಅಲ್ಲಿಗೆ ಹೇಗೆ ಹೋದವೋ ನನಗೆ ತಿಳಿಯದು. ಈಗಿನ ಕಾಲದಲ್ಲಿ ಏನನ್ನು ಬೇಕಾದರೂ ಕದಿಯುತ್ತಾರೆ.

ನಾಲ್ಕನೆಯವರು ಉಳಿದರು. ಹಿರಿಯ ಸಲಹೆಗಾರರು, ಹೆಸರಿನ ಹಿಂದೆ ಡಾಕ್ಟರ್, ಬಾಯಿಗೆ ಹೊರಳದ ಹೆಸರು. ಇವರ ಬಗ್ಗೆ ನೀವು ಅರ್ಧ ಪುಟ ಬರೆದಿದ್ದೀರಿ. ‘ಉಳಿದವರು ಹೇಗೇ ಇರಲಿ, ಈ ಮನುಷ್ಯ ಮೋಸ ಮಾಡುವವನಲ್ಲ. ಇವನ ಕಣ್ಣು ನೋಡಿಯೇ ನಾನು ತೀರ್ಮಾನ ಮಾಡಿದ್ದು’ ಎಂದಿದ್ದೀರಿ. ಇವರ ಮೈಮೇಲೂ ಕರಿ ಕೋಟು. ಆದರೆ ನೀಲಿ ದಾರವಿಲ್ಲ. ಎರಡನೇ ಗುಂಡಿಗೂ ನಾಲ್ಕು ತೂತು. ಅಂದರೆ ಕೋಟು ಹೊಸದಿದ್ದಾಗಿನ ಫೋಟೋ.

ಕೋಟು ಹೊಸದಿದ್ದಾಗ ಅದನ್ನು ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತವರು ಒಬ್ಬರೇ. ನಾನು ಕೆಲಸ ಕೇಳಿಕೊಂಡು ಬಂದ ದಿನ, ಇಪ್ಪತ್ತೇಳು ವರ್ಷದ ಒಬ್ಬ ಗಂಡಸು ತನ್ನದೇ ನೆಗೆಟಿವ್ ಕೈಗೆ ಕೊಟ್ಟು, “ಗಲ್ಲದ ಮೇಲಿರೋ ಗಾಯದ ಗುರುತು ತೆಗಿ ನೋಡೋಣ, ತೆಗೆದ್ರೆ ಕೆಲಸ ಕೊಡ್ತೀನಿ” ಅಂದ. ಒಂದು ಗಂಟೆ ಹಿಡಿಯಿತು. ನಾನು ಮೆತ್ತಿದ ಮೊದಲ ಸುಳ್ಳು ಅದು. ಚೆನ್ನಾಗಿ ಮೆತ್ತಿದ್ದೆ, ಇಪ್ಪತ್ತೊಂಬತ್ತು ವರ್ಷವಾದ ಮೇಲೂ ಗಲ್ಲದ ಯಜಮಾನರಿಗೇ ಗುರುತು ಸಿಕ್ಕಿಲ್ಲ.

ಹೌದು. ಜಗತ್ತಿನಲ್ಲಿ ನಂಬಬಹುದಾದ ಒಂದೇ ಒಂದು ಮುಖವೆಂದು ನೀವು ಆರಿಸಿದ್ದು ನಿಮ್ಮದೇ ಮುಖ. ಜೀವನವಿಡೀ ಕ್ಯಾಮೆರಾದ ಹಿಂದೆಯೇ ನಿಂತಿರಿ, ನಮ್ಮ ಮದುವೆಯ ಫೋಟೋದಲ್ಲೂ ಕ್ಯಾಮೆರಾದ ಟೈಮರ್ ಒತ್ತಿ ಓಡಿಬಂದು ಪಕ್ಕ ನಿಂತವರು. ಇದಕ್ಕೆ ಬೈಯಬೇಕೆಂದೇ ಕೂತಿದ್ದೆ. ಆದರೆ ಭೂತಗನ್ನಡಿ ಕೆಳಗಿಟ್ಟು ಸ್ವಲ್ಪ ಹೊತ್ತು ಅತ್ತೆ. ಮಗಳಿಗೆ ಈ ನಾಲ್ಕನೆಯವರ ವಿಷಯ ಹೇಳಿಲ್ಲ. ನಿಮ್ಮ ಮಾನ ನಿಮ್ಮ ಕೈಯಲ್ಲಿರಲಿ.

ಕರಾರುಪತ್ರ ಸಹಿಯಿಲ್ಲದೆ ವಾಪಸು ಬಂದಿದೆ, ನೋಡಿಕೊಳ್ಳಿ. ಪೆನ್ಸಿಲಿನ ಗುರುತುಗಳನ್ನೆಲ್ಲ ರಬ್ಬರಿನಲ್ಲಿ ಅಳಿಸಿದ್ದೇನೆ, ಅಷ್ಟು ಟಚಿಂಗ್ ಪುಕ್ಕಟೆ. ಜೊತೆಗೆ ಆ ಹಳೆಯ ಫೋಟೋದ ಒಂದು ಪ್ರತಿ ಇಟ್ಟಿದ್ದೇನೆ, ನಾನು ಪೆನ್ಸಿಲು ಮುಟ್ಟಿಸುವ ಮೊದಲಿನದು. ಇದರಲ್ಲಿ ಗಾಯದ ಗುರುತು ಇದೆ. ಕನ್ನಡಕದಂಗಡಿಯವರಿಗೂ ತೋರಿಸಿ, ಅವರು ಇನ್ನೂ ಹಾಕದೆ ಉಳಿಸಿಕೊಂಡದ್ದು ಏನಾದರೂ ಇದ್ದರೆ ಉಳಿಯಲಿ.

ಸ್ಟುಡಿಯೋ ಬಾಗಿಲು ಬೆಳಗ್ಗೆ ಹತ್ತಕ್ಕೆ ತೆಗೆಯುತ್ತೇನೆ. ಬರುವುದಿದ್ದರೆ ಬನ್ನಿ. ಬರುವಾಗ ಕಪ್ಪು ದಾರದ ಒಂದು ಉಂಡೆ ತನ್ನಿ.

ಇಂತಿ,
ನಿಮ್ಮ ಸುಳ್ಳು ಮೆತ್ತುವವಳು

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮುಖಗಳನ್ನು ಯಾರೂ ಕದ್ದಿಲ್ಲ. ನೀವು ಹೋದ ಎರಡನೇ ತಿಂಗಳು ಒಬ್ಬ ಬಂದಿದ್ದ. ಮುಖ ಗುರುತಿಸುವ ಯಂತ್ರಕ್ಕೆ ಪಾಠ ಕಲಿಸಬೇಕು, ನಲವತ್ತು ಮುಖ ಬೇಕು, ಒಳ್ಳೆಯ ಬೆಲೆ ಕೊಡುತ್ತೇನೆ ಎಂದ. ಕರೆಂಟಿನ ಬಿಲ್ಲು ಬಾಕಿಯಿತ್ತು. ಯಾರನ್ನೂ ಒಂದು ಮಾತು ಕೇಳದೆ ಮೂವತ್ತೊಂಬತ್ತು ಮುಖ ಆರಿಸಿ ಕೊಟ್ಟೆ. ನಲವತ್ತನೆಯದಕ್ಕೆ ಹುಡುಕುವಾಗ ನಿಮ್ಮದು ಕಣ್ಣಿಗೆ ಬಿತ್ತು. ಹೋದವರ ಮುಖ ಹೋಗಲಿ ಎಂದು ಸಿಟ್ಟಿನಲ್ಲಿ ಅದನ್ನೂ ಸೇರಿಸಿದೆ. ಪ್ಲಂಬರಿಗೂ ಡ್ರೈವಿಂಗ್ ಸ್ಕೂಲಿನವನಿಗೂ ನಿನ್ನೆ ಹೇಳಿದೆ, ಬೈಸಿಕೊಂಡೆ. ನಾಳೆ ಮೇಷ್ಟ್ರ ಹೆಂಡತಿಯ ಹತ್ತಿರ ಹೋಗಬೇಕು. ನಿಮ್ಮ ಕಾಯಿನ್‌ಗೆ ಒಂದು ವಾರ ಕೂತು ಅಷ್ಟೆಲ್ಲ ಪ್ರಶ್ನೆ ಕೇಳಿದವಳು ಅವನನ್ನು ನೀನು ಯಾರು, ಎಲ್ಲಿಯವನು, ಈ ಮುಖಗಳು ನಿಜವಾಗಿ ಯಾತಕ್ಕೆ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನೋಡಲು ಒಳ್ಳೆಯವನ ಹಾಗಿದ್ದ.